ಅಂಬಾಸಿಡರ್ ಮಾರ್ಕ್ 2: ಟ್ಯಾಪೆಟ್ 15ಕ್ಕೆ ಇಟ್ಟರೂ ಟಕಟಕ ಹೋಗ್ತಿಲ್ಲ, 3ನೇ ಸಿಲಿಂಡರ್ ಮಿಸ್ಸಿಂಗ್

ಕಲ್ಲಹಳ್ಳಿ ಮಾರ್ಕ್2 (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಗಾಡಿ 1968ರ ಅಂಬಾಸಿಡರ್ ಮಾರ್ಕ್ 2. ಎಂಜಿನ್ ಹಳೇ 1489 ಸಿಸಿ ಪೆಟ್ರೋಲೇ, ಸೋಲೆಕ್ಸ್ ಕಾರ್ಬ್ಯುರೇಟರ್. ಹೆಡ್ (ಸಿಲಿಂಡರ್ ಮೇಲಿನ, ವಾಲ್ವುಗಳಿರೋ ಭಾಗ) ಕಂಪನಿಯಿಂದ ಬಂದ ಹಾಗೇ ಇದೆ, ವಾಲ್ವು ಕೂರೋ ಸೀಟು ಬದಲಾಯಿಸಿಲ್ಲ.

ಐಡ್ಲಿಂಗ್‌ನಲ್ಲಿ ರೇಡಿಯೇಟರ್ ಕಡೆಯಿಂದ ಟಕಟಕ ಅನ್ನತ್ತೆ, ಎಂಜಿನ್ ಕಾದ ಮೇಲೂ ಹೋಗಲ್ಲ. ಕಾದಾಗ 3ನೇ ಸಿಲಿಂಡರ್ ಮಿಸ್ಸಿಂಗ್. ಪ್ಲಗ್ಗು, ವೈರು ಅದಲುಬದಲು ಮಾಡಿ, ಡಿಸ್ಟ್ರಿಬ್ಯೂಟರ್ ಕ್ಯಾಪು ಬೇರೆ ಹಾಕಿ ನೋಡಾಯ್ತು, ಮಿಸ್ಸಿಂಗ್ 3 ಬಿಟ್ಟು ಕದಲಲಿಲ್ಲ. ಚಾಮುಂಡಿ ಬೆಟ್ಟದ ಏರಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಕಾರ್ಬ್ಯುರೇಟರ್ ಬಾಯಿಂದ ಪಟ್ ಪಟ್ ಅಂತ ಹಿಂದಕ್ಕೆ ಹೊಡೆಯತ್ತೆ.

ಕಂಪ್ರೆಷನ್ ನೋಡಿದ್ದು ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಬಿಸಿ ಎಂಜಿನ್‌ನಲ್ಲಿ. 1ರಲ್ಲಿ 125 ಪಿಎಸ್‌ಐ, 2ರಲ್ಲಿ 120, 3ರಲ್ಲಿ 85, 4ರಲ್ಲಿ 122. ಮೂರಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 88.

ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತೋ ರಾಕರ್ ತೋಳಿಗೂ ನಡುವಿನ ಸಂದು) ಎಂಟನ್ನೂ 15 ಥೌಗೆ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಕೂರಿಸಿ 1800 ಕಿ.ಮೀ. ಆಗಿದೆ, ಅದರಲ್ಲಿ ಹೆಚ್ಚು ಪಾಲು ಬೆಂಗಳೂರು ಹೆದ್ದಾರಿಯಲ್ಲಿ 80-85ರ ಓಟ. ಒಬ್ಬರು ಟ್ಯಾಪೆಟ್ 18ಕ್ಕೆ ಎತ್ತಿ ಓಡ್ಸಿ ಅಂತಾರೆ. ಇನ್ನೊಬ್ಬರು ಸೀಸ ಇಲ್ಲದ ಪೆಟ್ರೋಲ್‌ದೇ ಕಿತಾಪತಿ, ಎಂಟೂ ಸೀಟು ಬದಲಾಯಿಸಿ ಅಂತಾರೆ. ಹೆಡ್ ಇಳಿಸಲೇಬೇಕಾ? ಟಕಟಕ, ಮಿಸ್ಸಿಂಗ್, ಪಟ್ ಪಟ್ ಮೂರೂ ಒಂದೇ ರೋಗದ ಲಕ್ಷಣವಾ?

ಒಂಬತ್ತರ ಲೆಕ್ಕ (ಮೈಸೂರು, ಕುವೆಂಪುನಗರ):

ಹೆಡ್ ಇಳಿಸಲೇಬೇಕು. 85 ಇದ್ದದ್ದು ಆಯಿಲ್ ಬಿಟ್ಟ ಮೇಲೂ 88ರಲ್ಲೇ ನಿಂತರೆ ಪಿಸ್ಟನ್ ರಿಂಗ್ ಅಲ್ಲ. ರಿಂಗ್ ಸವೆದಿದ್ದರೆ ಆಯಿಲ್ ಅದನ್ನು ಸ್ವಲ್ಪ ಹೊತ್ತು ಮುಚ್ಚಿ ಮುಳ್ಳು 110ರ ಆಸುಪಾಸಿಗೆ ಹಾರ್ತಿತ್ತು. ಪಕ್ಕದ 2 ಮತ್ತು 4 ಸರಿಯಾಗಿರೋದರಿಂದ ಎರಡು ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆಯೂ ಕಮ್ಮಿ. ಉಳಿಯೋದು ವಾಲ್ವು.

ಆದರೆ ಇವತ್ತೇ ಬಿಚ್ಚಬೇಡಿ. ಬಿಚ್ಚಿದ ಮೇಲೆ ಸಿಗದ ಮಾಹಿತಿ ಈಗ ಎಂಜಿನ್ ಮೇಲಿದೆ. ಸ್ಕ್ರೂ ಒಂದನ್ನೂ ಮುಟ್ಟದೆ ಎಂಟೂ ಗ್ಯಾಪ್ ಅಳೆದು ಬರೆದುಕೊಳ್ಳಿ. ರಾತ್ರಿಯಿಡೀ ನಿಂತ ತಣ್ಣನೆ ಎಂಜಿನ್‌ನಲ್ಲಿ ಅಳೆಯಿರಿ. ಮುಂದೆ ಹೋಲಿಸೋದಾದರೂ ಅದೇ ಸ್ಥಿತಿಯಲ್ಲಿ.

ಈ ಎಂಜಿನ್‌ನಲ್ಲಿ ರೇಡಿಯೇಟರ್ ಕಡೆಯಿಂದ ಸಿಲಿಂಡರಿಗೆ ಎರಡರಂತೆ ವಾಲ್ವು ಎಣಿಸಿದರೆ 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್ಲೆಟ್. ಯಾವ ವಾಲ್ವು ಅಳೀಬೇಕೋ ಅದರ ಸಂಖ್ಯೆಯನ್ನು ಒಂಬತ್ತರಲ್ಲಿ ಕಳೆಯಿರಿ, ಬಂದ ಸಂಖ್ಯೆಯ ವಾಲ್ವು ಪೂರ್ತಿ ಕೆಳಗೆ ಒತ್ತಿರಬೇಕು. 8 ತೆರೆದಿದ್ದಾಗ 1, 6 ತೆರೆದಿದ್ದಾಗ 3, 4 ತೆರೆದಿದ್ದಾಗ 5, ಹೀಗೆ. ಪ್ಲಗ್ ಬಿಚ್ಚಿಟ್ಟು ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮುಂದಕ್ಕೆ ತಳ್ಳಿದರೆ ಎಂಜಿನ್ ನಿಧಾನಕ್ಕೆ ತಿರುಗತ್ತೆ, ಹ್ಯಾಂಡಲ್ ಇದ್ದರಂತೂ ಇನ್ನೂ ಸಲೀಸು.

18ಕ್ಕೆ ಎತ್ತೋ ಸಲಹೆ ಬಿಟ್ಟುಬಿಡಿ. ಅದು ಜ್ವರ ಬಂದವನ ಥರ್ಮಾಮೀಟರ್ ಒರೆಸಿಟ್ಟ ಹಾಗೆ.

ಇನ್ನೊಂದು, ಕಂಪ್ರೆಸರ್ ಇರೋ ಕಡೆ ಗಾಳಿ ಪರೀಕ್ಷೆ ಮಾಡಿಸಿ. 3ನೇ ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು, ಗೇರಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ 60-70 ಪಿಎಸ್‌ಐ ಗಾಳಿ ಬಿಡಿ. ಸೈಲೆನ್ಸರ್ ಕೊಳವೆಯಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವು, ಕಾರ್ಬ್ಯುರೇಟರ್‌ನಲ್ಲಿ ಅಂದರೆ ಇನ್ಲೆಟ್. ಆಯಿಲ್ ಸುರಿಯೋ ಬಾಯಲ್ಲಿ ಅಂದರೆ ರಿಂಗು, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟೋ ಬಿರುಕೋ.

ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಹೀರೋ ಬಲವನ್ನು ಪಾದರಸದ ಇಂಚಿನಲ್ಲಿ ಅಳೆಯೋದು) ಹಾಕೋರಿಗೆ ಒಂದು ಮಾತು: ಪುಸ್ತಕದಲ್ಲಿರೋ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿಗೆ ಸುಮಾರು ಒಂದು ಇಂಚು ಕಮ್ಮಿಯಾಗತ್ತೆ, ಮೈಸೂರು-ಮಂಡ್ಯ ಕಡೆ ಎರಡು, ಎರಡೂವರೆ ಇಂಚು ಕಮ್ಮಿ ತೋರಿಸಿದರೆ ಗಾಬರಿ ಬೇಡ. ಮುಳ್ಳು ಎಷ್ಟರಲ್ಲಿದೆ ಅನ್ನೋದಕ್ಕಿಂತ ಲಯಬದ್ಧವಾಗಿ ಕುಸೀತಿದೆಯಾ ನೋಡಿ.

ಸಕ್ಕರೆ ನಾಡಿನ ಸ್ಪ್ಯಾನರ್ (ಮದ್ದೂರು):

ಮೇಲಿನವರು ಹೇಳಿದ್ದು ಸರಿ ಕಣ್ರೀ, ಆದ್ರೆ ಟಕಟಕ ಬೇರೆ, ಮಿಸ್ಸಿಂಗ್ ಬೇರೆ. ಸದ್ದು ಮಾಡೋ ವಾಲ್ವು ಸುಡಲ್ಲ, ಸುಡೋ ವಾಲ್ವು ಸದ್ದು ಮಾಡಲ್ಲ. ಬಿಗಿಯಾಗಿರೋದು ಮೌನವಾಗೇ ಸಾಯತ್ತೆ. ನಿಮ್ಮ ಸದ್ದು ಮುಂದ್ಗಡೆಯಿಂದ ಬರ್ತಿದೆ, 3ನೇ ಸಿಲಿಂಡರಿಗೂ ಅದಕ್ಕೂ ನಂಟಿಲ್ಲ.

ಹುಡುಕೋದು ಹಿಂಗೆ. ರಾಕರ್ ಕವರ್ ತೆಗೆದು ಎಂಜಿನ್ನು ಐಡ್ಲಿಂಗ್‌ನಲ್ಲಿ ಬಿಡಿ. ಒಂದೊಂದೇ ರಾಕರ್ ಮೂತಿಗೂ ವಾಲ್ವು ತಲೆಗೂ ನಡುವೆ 4-5 ಥೌ ದಪ್ಪದ ಫೀಲರ್ ಪಟ್ಟಿ (ಸಂದು ಅಳೆಯೋ ತೆಳು ತಗಡು) ತೂರ್ಸಿ. ಯಾವುದಕ್ಕೆ ತೂರ್ಸಿದಾಗ ಸದ್ದು ಗಪ್ಪನೆ ನಿಲ್ತದೋ ಅದೇ ಕಳ್ಳ. ಆಯಿಲ್ ಚಿಮ್ಮತ್ತೆ, ರಟ್ಟು ಅಡ್ಡ ಇಟ್ಕಳಿ. ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಬಗ್ಗಬೇಡಿ ಸ್ವಾಮಿ, ಮುಂದೆ ಫ್ಯಾನ್ ತಿರುಗ್ತಿರ್ತದೆ.

ಇನ್ನು 15ಕ್ಕೆ ಇಟ್ರೂ ಯಾಕೆ ಸದ್ದು? ರಾಕರ್ ಮೂತಿ ಅಗಲ, ವಾಲ್ವು ತುದಿ ಸಣ್ಣದು. ವರ್ಷಗಟ್ಟಲೆ ಬಡ್ದು ಬಡ್ದು ಮೂತಿಯಲ್ಲಿ ವಾಲ್ವು ತುದಿಯಷ್ಟೇ ಅಗಲದ ಗುಳಿ ಬೀಳ್ತದೆ. ಫೀಲರ್ ಪಟ್ಟಿ ಆ ಗುಳಿಗೆ ಇಳಿಯಲ್ಲ, ಹಳ್ಳದ ಮೇಲೆ ಹಲಗೆ ಹಾಕ್ದಂಗೆ ಎರಡು ಅಂಚಿನ ಮೇಲೆ ಕೂತ್ಕತದೆ. ಪಟ್ಟಿ 15 ಅನ್ನತ್ತೆ, ಗುಳಿ 8 ಥೌ ಇದ್ರೆ ನಿಜವಾದ ಗ್ಯಾಪು 23. ಡಯಲ್ ಗೇಜಿನ ಕಾಲನ್ನ ವಾಲ್ವಿನ ಕಡೆ ರಾಕರ್ ತುದಿ ಮೇಲೆ ನಿಲ್ಸಿ, ವಾಲ್ವು ಮುಚ್ಚಿರೋವಾಗ ರಾಕರನ್ನ ಬೆರಳಲ್ಲಿ ಮೇಲೆ ಕೆಳಗೆ ಆಡ್ಸಿದ್ರೆ ಅಸಲಿ ಲೆಕ್ಕ ಸಿಗ್ತದೆ.

ಅದೇ ಹೊತ್ತಲ್ಲಿ ರಾಕರನ್ನ ಶಾಫ್ಟಿನ ಮೇಲೆ ಎತ್ತಿ ಇಳಿಸಿ ನೋಡಿ. ಲೊಡಲೊಡ ಅಂದ್ರೆ ಬುಷ್ ಹೋಗಿದೆ. ವಾಲ್ವ್ ಸ್ಪ್ರಿಂಗೂ ಪುಷ್ ರಾಡೂ (ಕೆಳಗಿನ ಕ್ಯಾಮಿಂದ ರಾಕರಿಗೆ ಬರೋ ಕಡ್ಡಿ) ಎರಡೂ ಕೆಳಗಿಂದ ಮೇಲಕ್ಕೆ ನೂಕೋದ್ರಿಂದ ಶಾಫ್ಟು ಸವೆಯೋದು ಹೊಟ್ಟೆ ಕಡೆ. ಮೇಲಿಂದ ನೋಡಿದ್ರೆ ಫಳಫಳ, ತಿರುವಿ ಹಾಕಿದ್ರೆ ಮೆಟ್ಲು ಮೆಟ್ಲು.

ಪಟ್ ಪಟ್ ವಿಷಯಕ್ಕೆ ಕ್ಯಾಮ್ ಎತ್ತರವನ್ನೂ (ಕ್ಯಾಮ್ ಮೂಗು ಪುಷ್ ರಾಡನ್ನ ಎಷ್ಟು ಎತ್ತತ್ತೆ ಅನ್ನೋದು) ಅಳ್ದು ಹಾಕಿ, ಆಮೇಲೆ ಮಾತಾಡಣ. ಗೇಜಿನ ಕಾಲು ಪುಷ್ ರಾಡ್ ಕಡೆ ಸ್ಕ್ರೂ ತಲೆ ಮೇಲಿರ್ಲಿ. ಇನ್ಲೆಟ್ಟನ್ನ ಇನ್ಲೆಟ್ ಜೊತೆ, ಎಕ್ಸಾಸ್ಟನ್ನ ಎಕ್ಸಾಸ್ಟ್ ಜೊತೆ ಹೋಲ್ಸಿ.

ಕಲ್ಲಹಳ್ಳಿ ಮಾರ್ಕ್2:

ಇಬ್ಬರಿಗೂ ಧನ್ಯವಾದ. ಅಳತೆ ತೆಗೆದಾಯ್ತು.

ತಣ್ಣನೆ ಗ್ಯಾಪು, ಫೀಲರ್‌ನಲ್ಲಿ: ಇನ್ಲೆಟ್ ನಾಲ್ಕೂ 15. ಎಕ್ಸಾಸ್ಟ್‌ನಲ್ಲಿ 1ನೆಯದು 13, 4ನೆಯದು 11, 5ನೆಯದು 6, 8ನೆಯದು 13.
ಸದ್ದು 2ನೇ ವಾಲ್ವಿನದು, ಪಟ್ಟಿ ತೂರಿಸಿದ ತಕ್ಷಣ ನಿಂತಿತು. ಡಯಲ್ ಗೇಜ್‌ನಲ್ಲಿ ಅದರ ಗ್ಯಾಪು 22.
ಗಾಳಿ ಬಿಟ್ಟಾಗ 3ರಲ್ಲಿ ಸೈಲೆನ್ಸರ್‌ನಿಂದ ಜೋರಾಗಿ ಸುಸ್ ಬಂತು, ಕಾರ್ಬ್ಯುರೇಟರ್ ಕಡೆ ಏನಿಲ್ಲ.
ಕ್ಯಾಮ್ ಎತ್ತರ: ಇನ್ಲೆಟ್ ನಾಲ್ಕೂ ಒಂದಕ್ಕೊಂದು 3 ಥೌ ಒಳಗಿವೆ. ಎಕ್ಸಾಸ್ಟ್‌ನಲ್ಲಿ 1, 4, 5 ಹತ್ತಿರ ಹತ್ತಿರ, ಆದರೆ 8ನೆಯದು ಉಳಿದವಕ್ಕಿಂತ 30 ಥೌ ಕಮ್ಮಿ! ಆದರೂ 4ನೇ ಸಿಲಿಂಡರ್ ಕಂಪ್ರೆಷನ್ 122 ಹೇಗೆ ಬಂತು?

ಒಂಬತ್ತರ ಲೆಕ್ಕ:

ಕಂಪ್ರೆಷನ್ ಹೊಡೆತದಲ್ಲಿ ಎರಡೂ ವಾಲ್ವು ಮುಚ್ಚಿರಬೇಕು, ಮುಚ್ಚಿವೆ, ಹಾಗಾಗಿ 122. 8ನೆಯದರ ತಕರಾರು ತೆರೆಯೋದರಲ್ಲಿ. ಕ್ಯಾಮ್ ಮೂಗು ಸವೆದು ಎಕ್ಸಾಸ್ಟ್ ಅರೆಬರೆ ತೆರೆದರೆ ಸುಟ್ಟ ಹೊಗೆ ಪೂರ್ತಿ ಹೊರಗೆ ಹೋಗಲ್ಲ. ಆಮೇಲೆ ಇನ್ಲೆಟ್ ತೆರೆದ ಕೂಡಲೆ ಒಳಗೆ ಒತ್ತಡದಲ್ಲಿ ಕೂತಿದ್ದ ಬಿಸಿ ಹೊಗೆ ಕಾರ್ಬ್ಯುರೇಟರ್ ಕಡೆಗೆ ನುಗ್ಗತ್ತೆ, ಅದೇ ನಿಮ್ಮ ಪಟ್ ಪಟ್. ಐಡ್ಲಿಂಗ್‌ನಲ್ಲಿ ಹೊಗೆ ಕಮ್ಮಿ, ಗೊತ್ತಾಗಲ್ಲ. ಬೆಟ್ಟದ ಏರಲ್ಲಿ ಥ್ರಾಟಲ್ ತೆರೆದಾಗ ಬಣ್ಣ ಬಯಲು. ಈ ಹೆಡ್‌ನಲ್ಲಿ 3 ಮತ್ತು 4ಕ್ಕೆ ಇನ್ಲೆಟ್ ದಾರಿ ಒಂದೇ ಆಗಿರೋದರಿಂದ 4ರ ಉಗುಳು 3ರ ಮಿಶ್ರಣವನ್ನೂ ಕೆಡಿಸತ್ತೆ.

ಅಂದರೆ ರೋಗ ಮೂರೂ ಬೇರೆ ಬೇರೆ. 2ನೇ ರಾಕರ್ ಮೂತಿ, 5ನೇ ಎಕ್ಸಾಸ್ಟ್ ಸೀಟು, 8ನೇ ಕ್ಯಾಮ್ ಮೂಗು.

5ರ ಕಥೆ: ವಾಲ್ವು ಸೀಟಿನೊಳಗೆ ಹೂತುಕೊಂಡಂತೆಲ್ಲ ಕಾಂಡ ಮೇಲೇರತ್ತೆ, ಗ್ಯಾಪು ಕಮ್ಮಿಯಾಗತ್ತೆ. 1800 ಕಿ.ಮೀ.ಗೆ 9 ಥೌ ಅನ್ನೋದು ಬಹಳ. 6 ಥೌ ತಣ್ಣಗಿದ್ದಾಗ ಇದ್ದದ್ದು, ಜೋರಾಗಿ ಓಡಿ ಕಾಂಡ ಕಾದು ಉದ್ದವಾದಾಗ ಬಹುಶಃ ಗ್ಯಾಪೇ ಇರಲ್ಲ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯ ಹೆಚ್ಚಿನ ಪಾಲನ್ನು ಸೀಟಿಗೆ ಒತ್ತಿ ಕೂತಾಗಲೇ ಇಳಿಸಿಕೊಳ್ಳೋದು. ಕೂರದಿದ್ದರೆ ಅಂಚು ಸುಡತ್ತೆ. 4 ಮತ್ತು 5 ಅಕ್ಕಪಕ್ಕ ಒಂದೇ ಪೋರ್ಟಿಗೆ ಬಿಸಿ ಉಗುಳೋ ಜೋಡಿ, ಹೆಡ್‌ನಲ್ಲಿ ಅತಿ ಬಿಸಿ ಜಾಗ. ನಿಮ್ಮ ಅಳತೆಯಲ್ಲೂ 5ರ ನಂತರ ಹೆಚ್ಚು ಇಳಿದಿರೋದು 4ನೆಯದೇ ನೋಡಿ.

ಸೀಸ ಹೋದದ್ದು 2000ನೇ ಇಸವಿಯಲ್ಲಿ. ಅದು ಸುಟ್ಟಾಗ ಸೀಟಿನ ಮೇಲೆ ಕೂರ್ತಿದ್ದ ಪದರ ವಾಲ್ವು-ಸೀಟು ಒಂದಕ್ಕೊಂದು ಅಂಟದ ಹಾಗೆ ತಡೀತಿತ್ತು. ಈಗ ಆ ಪದರ ಇಲ್ಲ. ಕೆಂಪಗೆ ಕಾದ ವಾಲ್ವು ಮೆತ್ತನೆ ಬೀಡಿನ ಸೀಟಿಗೆ ಬಡಿದಾಗ ಸೂಜಿಮೊನೆಯಷ್ಟು ಜಾಗದಲ್ಲಿ ಬೆಸುಗೆಯಾಗಿ, ಎತ್ತುವಾಗ ಕಿತ್ತು ಬರತ್ತೆ. ಊರೊಳಗೆ 40ರಲ್ಲಿ ಓಡಾಡೋ ಗಾಡಿಗೆ ಇದು ವರ್ಷಗಟ್ಟಲೆ ಕಾಣಿಸಿಕೊಳ್ಳಲ್ಲ. ಹೆದ್ದಾರಿಯಲ್ಲಿ ಎರಡು ಗಂಟೆ ಒಂದೇ ಸಮ ಒತ್ತಿದರೆ ಕಾಣತ್ತೆ. ಇದರ ಜೊತೆ ಮಿಶ್ರಣ ತೆಳುವಾಗಿದ್ದರೆ ಬಿಸಿ ಇನ್ನೂ ಹೆಚ್ಚು. ಶೇ. 20 ಎಥನಾಲ್ ಇರೋ ಪೆಟ್ರೋಲಿಗೆ ಒಂದು ಪಾಲು ಇಂಧನಕ್ಕೆ ಬೇಕಾದ ಗಾಳಿ ಸುಮಾರು 13.5 ಪಾಲು, ಬರೀ ಪೆಟ್ರೋಲಿಗೆ 14.7. ಹಳೇ ಜೆಟ್ಟಿಗೆ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತು) ಇದು ತೆಳು. ಹೆಡ್ ಕೆಲಸ ಮುಗಿದ ಮೇಲೆ ಪ್ಲಗ್ ಬಣ್ಣ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜು ಏರಿಸಿ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ ಎಕ್ಸಾಸ್ಟ್ ಕಾಯತ್ತೆ, ಅದನ್ನೂ ನೋಡಿಕೊಳ್ಳಿ.

ಲೇತ್ ಮನೆ (ಮೈಸೂರು, ಹೆಬ್ಬಾಳ):

ಸೀಟಿನ ಬಗ್ಗೆ. ಎಂಟೂ ಬೇಡ ಸರ್, ಎಕ್ಸಾಸ್ಟ್ ನಾಲ್ಕು ಸಾಕು. ಇನ್ಲೆಟ್ಟಿಗೆ ತಣ್ಣನೆ ಮಿಶ್ರಣ ಬಡಿಯೋದರಿಂದ ಅದು ಹೂತುಕೊಳ್ಳಲ್ಲ. ಎಂಟಕ್ಕೂ ಕೊರೆದರೆ ಇನ್ಲೆಟ್ ಕಡೆ ಸುಮ್ಮನೆ ಲೋಹ ಹೋಗತ್ತೆ, ಒಂದು ಕಡೆ ನೀರಿನ ಜಾಕೆಟ್ ಸಿಕ್ಕಿಬಿಟ್ಟರೆ ಹೆಡ್ ಗುಜರಿಗೆ.

ಕೆಲಸದ ಸರದಿ ತಪ್ಪಬಾರದು. ಮೊದಲು ಹೆಡ್ ತೊಳೆದು ಬಿರುಕು ನೋಡೋದು, ಬಣ್ಣ ಹಾಕಿ ಪೌಡರ್ ಬಿಡೋ ಪರೀಕ್ಷೆ ಸಾಕು. ಎಕ್ಸಾಸ್ಟ್ ಸೀಟುಗಳ ಸುತ್ತ ಕಣ್ಣಿಟ್ಟು ನೋಡಬೇಕು. ಬಿರುಕಿದ್ದರೆ ಮುಂದಿನ ಖರ್ಚೇ ದಂಡ. ಎರಡನೆಯದು ಗೈಡ್, ಅಂದರೆ ವಾಲ್ವು ಕಾಂಡ ಜಾರೋ ಕೊಳವೆ. ವಾಲ್ವನ್ನು ಸೀಟಿನಿಂದ ಸ್ವಲ್ಪ ಎತ್ತಿ ಅಡ್ಡಡ್ಡ ಅಲ್ಲಾಡಿಸಿದರೆ ಸವೆತ ಕೈಗೇ ಸಿಗತ್ತೆ. ಹಳೇ ಗೈಡನ್ನು ಪಿಸ್ಟನ್ ಕಡೆಗೆ ಕೆಳಕ್ಕೆ ಒತ್ತಿ ತೆಗೀಬೇಕು. ತೆಗೆಯೋ ಮೊದಲು ಸ್ಪ್ರಿಂಗ್ ಕೂರೋ ಜಾಗದಿಂದ ಗೈಡ್ ಎಷ್ಟು ಮೇಲೆ ನಿಂತಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಗೈಡ್ ಕೂತ ಮೇಲೇ ಸೀಟು. ಸೀಟು ಕತ್ತರಿಸೋ ಕಟ್ಟರ್‌ನ ಪೈಲಟ್ ಕಡ್ಡಿ ನಿಲ್ಲೋದು ಗೈಡ್‌ನೊಳಗೆ. ಸವೆದ ಗೈಡ್ ನಂಬಿ ಸೀಟು ಕತ್ತರಿಸಿ ಆಮೇಲೆ ಗೈಡ್ ಬದಲಾಯಿಸಿದರೆ ನಡುಬಿಂದು ಜರುಗಿ ಮಾಡಿದ ಕೆಲಸ ನೀರಪಾಲು.

ಗಟ್ಟಿ ಸೀಟ್ ರಿಂಗು ತೂತಿಗಿಂತ 3-4 ಥೌ ದಪ್ಪ ಇರಬೇಕು. ಹೆಡ್ ಕಾಯಿಸಿ, ರಿಂಗನ್ನು ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿ ಒತ್ತಿದರೆ ಅಂಚು ಕೆರೆಯದೆ ಕೂರತ್ತೆ. ಸಡಿಲ ಕೂರಿಸಿ ಸುತ್ತ ಚಾಣದಲ್ಲಿ ಹೊಡೆದು ಬಿಗಿ ಮಾಡೋರಿದ್ದಾರೆ, ಅದು ಒಂದು ದಿನ ಬಿಸಿಗೆ ಕಳಚಿ ಪಿಸ್ಟನ್ ಮೇಲೆ ಬೀಳತ್ತೆ. ಆಮೇಲೆ 45 ಡಿಗ್ರಿ ಮುಖ, ಅದನ್ನು ಮೇಲಿಂದ 30, ಕೆಳಗಿಂದ 60ರ ಕಟ್ಟರ್‌ನಲ್ಲಿ ಸಪೂರ ಮಾಡಿ ಇನ್ಲೆಟ್ಟಿಗೆ ಒಂದೂವರೆ ಮಿ.ಮೀ., ಎಕ್ಸಾಸ್ಟಿಗೆ 2 ಮಿ.ಮೀ. ಅಗಲ ಬಿಡೋದು. ಎಕ್ಸಾಸ್ಟ್ ತೀರಾ ಸಪೂರ ಆದರೆ ಬಿಸಿ ಇಳಿಯಲ್ಲ. ಗಟ್ಟಿ ಸೀಟಿಗೆ ಎಕ್ಸಾಸ್ಟ್ ವಾಲ್ವು 21-4ಎನ್ ಉಕ್ಕಿನದೇ ಕೇಳಿ ತನ್ನಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಳೇ ವಾಲ್ವು ಮತ್ತೆ ಬಳಸೋದಾದರೆ ಫೇಸ್ ಹೊಡೆದ ಮೇಲೆ ತಲೆಯ ಅಂಚು 1 ಮಿ.ಮೀ. ದಪ್ಪ ಉಳಿದಿರಬೇಕು. ಬ್ಲೇಡಿನಂತಾದರೆ ಅದು ಬೇಗ ಸುಡೋ ವಾಲ್ವು.

ಗ್ರೈಂಡಿಂಗ್ ಪೇಸ್ಟು ಕೊನೇಲಿ ನುಣ್ಣಗಿನದು, ಒಂದು ನಿಮಿಷ ಸಾಕು. ಸುತ್ತ ಬೂದು ಬಣ್ಣದ ಮುರಿಯದ ಉಂಗುರ ಬಂದರೆ ಮುಗೀತು. ಪೇಸ್ಟಿನ ಒಂದು ಕಣ ಗೈಡ್‌ನಲ್ಲಿ ಉಳಿದರೂ ಹೊಸ ಗೈಡು ತಿಂದುಹಾಕತ್ತೆ, ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆ ಎಳೀಬೇಕು. ಸ್ಪ್ರಿಂಗ್ ಹಾಕಿದ ಮೇಲೆ ಪೋರ್ಟಿಗೆ ಪೆಟ್ರೋಲ್ ಸುರಿದು ಕೆಳಗೆ ನೋಡಿ, ತೇವವೂ ಕಾಣಬಾರದು. ಈ ಹೆಡ್‌ನಲ್ಲಿ ಆಯಿಲ್ ತಡೆಯೋ ರಬ್ಬರ್ ಉಂಗುರ ಇರೋದು ಗೈಡ್ ಮೇಲಲ್ಲ, ವಾಲ್ವು ಕಾಂಡದಲ್ಲಿ ಸ್ಪ್ರಿಂಗ್ ತಟ್ಟೆ ಹಿಡಿಯೋ ಲಾಕ್ ಕೂರೋ ತೋಡಿನ ಕೆಳತುದಿಯಲ್ಲಿ. ಸ್ಪ್ರಿಂಗ್ ಒತ್ತಿ ಹಿಡಿದಿರುವಾಗಲೇ ಅದನ್ನು ಆಯಿಲ್ ಹಚ್ಚಿ ಇಳಿಸಿ, ಆಮೇಲೆ ಲಾಕ್ ಹಾಕಬೇಕು. ಮೊದಲೇ ಹಾಕಿ ಸ್ಪ್ರಿಂಗ್ ತಟ್ಟೆ ಎಳೆದರೆ ಉಂಗುರ ಹರಿದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ.

ಸಕ್ಕರೆ ನಾಡಿನ ಸ್ಪ್ಯಾನರ್:

ಲೇತಿನವರ ಮಾತಿಗೆ ಒಂದು ಅಡ್ಡ ಮಾತು. 1 ಮತ್ತು 8 ಬರೀ 2 ಥೌ ಇಳಿದಿವೆ. ಮಧ್ಯದ ಎರಡಕ್ಕೆ ಮಾತ್ರ ಸೀಟ್ ರಿಂಗ್ ಹಾಕಿ ಸಾಕು ಅನ್ನಬಹುದು. ಗಾಡಿ ಊರಲ್ಲೇ ಓಡೋದಾದ್ರೆ ನನ್ನ ಓಟು ಎರಡಕ್ಕೆ. ಹೆದ್ದಾರಿ ಓಟ ನಿಲ್ಲಿಸಲ್ಲ ಅಂದ್ರೆ ನಾಲ್ಕು, ಯಾಕಂದ್ರೆ ಇನ್ನೊಂದ್ಸಲ ಹೆಡ್ ಇಳಿಸೋ ಖರ್ಚು ಎರಡು ರಿಂಗಿಗಿಂತ ಜಾಸ್ತಿ.

ರಾಕರ್ ಸಾಮಾನು ಬಿಚ್ಚೋವಾಗ ಎಲ್ರೂ ಎಡವೋ ಜಾಗ ಒಂದಿದೆ. ಪೆಡೆಸ್ಟಲ್ (ರಾಕರ್ ಶಾಫ್ಟ್ ನಿಲ್ಲೋ ಕಾಲು) ಹಿಡಿದಿರೋ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡ್ಕೊಂಡಿವೆ. ಬರೀ ರಾಕರ್ ತೆಗೀತೀನಿ ಅಂತ ಅವಷ್ಟನ್ನೇ ಬಿಚ್ಚಿದ್ರೆ ಹೆಡ್ಡು ಒಂದ್ಕಡೆ ಸೊಟ್ಟಕ್ಕೆ ಎಳ್ಕೊಂಡು ನೀರು ಸಿಲಿಂಡರಿಗೆ ಇಳೀತದೆ. ನೀರು ಪೂರ್ತಿ ಬಸಿದು, ಹೆಡ್ಡಿನ ಎಲ್ಲಾ ನಟ್ಟೂ ಕಾಲು ಸುತ್ತಿನ ಹಾಗೆ ಸರದಿಯಲ್ಲಿ ಸಡಿಲ ಮಾಡಿ.

ಪುಷ್ ರಾಡ್ ಎತ್ತೋವಾಗ ತಿರುಚಿ ಎತ್ತಿ. ಆಯಿಲ್ ಹಿಡಿತಕ್ಕೆ ಟ್ಯಾಪೆಟ್ಟು (ಗ್ಯಾಪಲ್ಲ, ಕ್ಯಾಮಿಗೂ ರಾಡಿಗೂ ನಡುವೆ ಕೂರೋ ಬಿಡಿಭಾಗ) ರಾಡಿಗೆ ಅಂಟ್ಕೊಂಡೇ ಮೇಲೆ ಬರ್ತದೆ, ಅರ್ಧದಲ್ಲಿ ಬಿದ್ರೆ ಹುಡುಕ್ತಾ ಕೂರ್ಬೇಕು. ಪ್ರತಿಯೊಂದನ್ನೂ ಸಮತಟ್ಟು ಗಾಜಿನ ಮೇಲೆ ಉರುಳ್ಸಿ, ಬಗ್ಗಿದ್ರೆ ಕುಣೀತದೆ.

2ನೇ ರಾಕರ್ ಮೂತಿಗೆ 7 ಥೌ ಗುಳಿ ಅಂದ್ರೆ ಎಣ್ಣೆಕಲ್ಲಲ್ಲಿ ಉಜ್ಜಿ ಸರಿಹೋಗೋದಲ್ಲ, ಮೇಲಿನ ಗಟ್ಟಿ ಪದರ ತೆಳುವಾಗಿರ್ತದೆ. ಬೇರೆ ರಾಕರ್ ಹಾಕಿ. ಬುಷ್ ಹೊಸ್ದು ಒತ್ತಿದ್ರೆ ಅದರ ಆಯಿಲ್ ತೂತು ರಾಕರಿನ ತೂತಿಗೆ ನೇರ ಬಂದಿದೆಯಾ ನೋಡಿ, ಆಮೇಲೆ ರೀಮರ್. ಶಾಫ್ಟಿನ ತುದಿ ಪ್ಲಗ್ ಬಿಚ್ಚಿ ಒಳಗೆ ತಂತಿ ಆಡ್ಸಿ, ಕಪ್ಪು ಗಸಿ ಬೇಜಾನ್ ಸಿಗ್ತದೆ. ಪೆಡೆಸ್ಟಲ್‌ಗಳಲ್ಲಿ ಆಯಿಲ್ ತೂತು ಇರೋದು ಯಾವುದರಲ್ಲಿ ಅಂತ ತಳ ತಿರುವಿ ನೋಡಿ ಗುರುತು ಮಾಡಿ, ಅದು ಹೆಡ್ಡಿನ ತೂತಿನ ಮೇಲೇ ಕೂರ್ಬೇಕು. ಜಾಗ ಬದಲಾದ್ರೆ ಮೇಲಕ್ಕೆ ಆಯಿಲ್ ಬರಲ್ಲ.

ಒಂಬತ್ತರ ಲೆಕ್ಕ:

ಕ್ಯಾಮ್ ಬಗ್ಗೆ. ಹೆಡ್ ಇಳಿದಿರುವಾಗ ಮ್ಯಾನಿಫೋಲ್ಡ್ ಹಿಂದಿನ ಎರಡು ಟ್ಯಾಪೆಟ್ ಕವರ್ ತೆಗೆದರೆ ಟ್ಯಾಪೆಟ್ ಎಂಟೂ ಕೈಗೆ ಸಿಗತ್ತೆ. 8ನೆಯದರ ತಳ ನೋಡಿ. ಒಳ್ಳೆ ಟ್ಯಾಪೆಟ್ ತಳದಲ್ಲಿ ಗೆರೆ ಗೋಲವಾಗಿರತ್ತೆ, ಅದು ತಿರುಗ್ತಾ ಓಡತ್ತೆ. ತಿರುಗೋದು ನಿಂತಿದ್ದರೆ ಒಂದೇ ದಿಕ್ಕಿಗೆ ಗೆರೆ, ತಳ ಗುಳಿ, ಜೊತೆಗೆ ಕ್ಯಾಮ್ ಮೂಗೂ ಹೋಗಿರತ್ತೆ. ಬರೀ ಟ್ಯಾಪೆಟ್ ಹೊಸದು ಹಾಕಿ ಸವೆದ ಕ್ಯಾಮ್ ಉಳಿಸಿದರೆ ಹೊಸದೂ ಸವೆಯತ್ತೆ. ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ಹಾಕಿದರೆ ಇನ್ನೂ ಕೆಟ್ಟದ್ದು. ಕ್ಯಾಮು, ಎಂಟು ಟ್ಯಾಪೆಟ್ಟು, ಎಲ್ಲಾ ಒಟ್ಟಿಗೇ ಹೊಸದಾಗಬೇಕು.

ಕೂರಿಸುವಾಗ ಕ್ಯಾಮ್ ಮೂಗಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಂ ಪೇಸ್ಟ್ ಬಳಿಯಿರಿ. ಟೈಮಿಂಗ್ ಚಕ್ರಗಳ ಮೇಲಿನ ಚುಕ್ಕೆ ಎರಡೂ ಎದುರುಬದುರು. ಮೊದಲ ಸಲ ಸ್ಟಾರ್ಟ್ ಆದ ಕ್ಷಣದಿಂದ 20 ನಿಮಿಷ 2000-2500 ಆರ್‌ಪಿಎಂನಲ್ಲೇ ಓಡಲಿ, ಐಡ್ಲಿಂಗಿಗೆ ಬಿಡಬೇಡಿ. ನಿಧಾನ ತಿರುಗಿದರೆ ಕ್ಯಾಮಿಗೆ ಸಿಡಿಯೋ ಆಯಿಲ್ ಸಾಲದು. ಹಾಗಾಗಿ ಪೆಟ್ರೋಲ್, ಟೈಮಿಂಗ್, ನೀರು ಎಲ್ಲಾ ಮೊದಲೇ ಸರಿ ಮಾಡಿಟ್ಟು ಒಂದೇ ಏಟಿಗೆ ಸ್ಟಾರ್ಟ್ ಆಗೋ ಹಾಗಿರಲಿ. ಆಯಿಲ್ 20ಡಬ್ಲ್ಯು-50, ಸತುವಿನ ಅಂಶ 1000-1200 ಪಿಪಿಎಂ ಇರೋದು. ಈಗಿನ ಪೆಟ್ರೋಲ್ ಕಾರಿನ ತೆಳು ಆಯಿಲ್‌ಗಳಲ್ಲಿ ಅದನ್ನು ಇಳಿಸಿರ್ತಾರೆ, ಇಂಥ ಚಪ್ಪಟೆ ಟ್ಯಾಪೆಟ್ಟಿಗೆ ಅದು ಒಗ್ಗಲ್ಲ.

ಹೆಡ್ ನಟ್ಟಿನ ಬಿಗಿ ಲೆಕ್ಕ ನಿಮ್ಮ ಅಂಬಾಸಿಡರ್ ಪುಸ್ತಕದ್ದೇ ಇರಲಿ, ಇದೇ ವಂಶದ ಎಂಜಿ ಕಾರಿನ ಅಂಕಿ ಇಂಟರ್ನೆಟ್‌ನಿಂದ ಎತ್ತಬೇಡಿ. ನಡುವಿನಿಂದ ಹೊರಕ್ಕೆ, ಮೂರು ಹಂತ. 500 ಕಿ.ಮೀ. ಆದ ಮೇಲೆ ಇನ್ನೊಂದು ಸಲ ಬಿಗಿ ನೋಡಿ, ಅದಾದ ಮೇಲೆ ಕಡ್ಡಾಯವಾಗಿ ಟ್ಯಾಪೆಟ್ ಗ್ಯಾಪ್. ಗ್ಯಾಸ್ಕೆಟ್ ಕೂತಷ್ಟೂ ಹೆಡ್ ಕೆಳಗೆ ಬರತ್ತೆ, ಪುಷ್ ರಾಡ್ ಅಷ್ಟೇ ಉದ್ದ ಇರತ್ತೆ, ಗ್ಯಾಪು ಕಮ್ಮಿಯಾಗತ್ತೆ.

ಕಲ್ಲಹಳ್ಳಿ ಮಾರ್ಕ್2:

ಹೆದ್ದಾರಿ ಓಟ ಬಿಡೋ ಹಾಗಿಲ್ಲ, ಹಾಗಾಗಿ ಎಕ್ಸಾಸ್ಟ್ ನಾಲ್ಕೂ. ಹೆಡ್ ಮೈಸೂರಿಗೆ ತರ್ತೀನಿ. ಬಿಚ್ಚೋಕೆ ಇನ್ನೊಂದು ವಾರ ಆಗತ್ತೆ, ಅಲ್ಲೀವರೆಗೆ ಊರೊಳಗೆ ಓಡಿಸಬಹುದಾ? ತರುವಾಗ ಏನು ಜಾಗ್ರತೆ?

ಲೇತ್ ಮನೆ:

ಓಡಿಸದೇ ಇದ್ದರೆ ಒಳ್ಳೇದು. ಓಡಿಸಲೇಬೇಕಾದರೆ 5ನೆಯದನ್ನು 15ಕ್ಕೆ ಬಿಟ್ಟು, 4ನೆಯದನ್ನೂ ಸರಿ ಮಾಡಿ, ಸಂತೆಗೆ ಹೋಗಿ ಬರೋಷ್ಟು ಮಾತ್ರ. ಏರಲ್ಲಿ ಒತ್ತಬೇಡಿ.

ಹೆಡ್ ಜೊತೆ ರಾಕರ್ ಶಾಫ್ಟ್ ಪೂರ್ತಿ ಸೆಟ್ ತನ್ನಿ. ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಗ್ಯಾಸ್ಕೆಟ್ ಕೂರೋ ಮುಖ ಮೇಲೆ ಮಾಡಿ ಡಿಕ್ಕಿಯಲ್ಲಿಡಿ. ಆ ಮುಖಕ್ಕೆ ಜಾಕಿನ ಗೀರು ಬಿದ್ದರೆ ಪ್ಲೇನಿಂಗ್ ಖರ್ಚು ಬೇರೆ. ವಾಲ್ವುಗಳನ್ನು ನೀವೇ ಬಿಚ್ಚಿದರೆ ರಟ್ಟಿನ ಡಬ್ಬಕ್ಕೆ ಎಂಟು ತೂತು ಮಾಡಿ 1ರಿಂದ 8 ಬರೆದು ಚುಚ್ಚಿಡಿ. ಪುಷ್ ರಾಡಿಗೆ ಇನ್ನೊಂದು ರಟ್ಟು, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ.